ಪೆಟ್ಟಿಗೆಯ ಬೀಗವೂ ಗೂಂಡಾ ಕಾಯಿದೆಯೂ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಂತಹ ಹೋಬಳಿಯ ಊರುಗಳಿಗೂ ಇಂದು ಟೆಲಿವಿಷನ್ ಹೊಸತಲ್ಲ. ಆದರೆ ಚಲನಚಿತ್ರಗಳೂ ಕ್ರಿಕೆಟ್ ಪಂದ್ಯಗಳೂ ಒಂದೊಂದು ಕಂಪೆನಿಯ ಬೀಗದೊಳಗೆ ಸೇರಿ, ಒಂದೊಂದಕ್ಕೂ ಬೇರೆ ಚಂದಾ ತೆರಬೇಕಾಗಿದೆ. ಹೀಗಿರುವಲ್ಲಿ, ಒಮ್ಮೆ ಹಣ ಪಡೆದು ಎಲ್ಲವೂ ಪುಕ್ಕಟೆಯಾಗಿ ಕಾಣುವಂತೆ ಪೆಟ್ಟಿಗೆಯನ್ನು ತಿದ್ದಿಕೊಡುವವರು ಹುಟ್ಟಿಕೊಳ್ಳುವುದು ಆಶ್ಚರ್ಯವೇನೂ ಅಲ್ಲ. ಇದು ಎಷ್ಟರಮಟ್ಟಿನ ಅಪರಾಧ, ಇದಕ್ಕೆ ಯಾವ ಶಿಕ್ಷೆ ತಕ್ಕುದು ಎಂಬುದನ್ನು ಮಹಾಜನರೂ ಅಧಿಕಾರಿವರ್ಗದವರೂ ಸಮಾಧಾನಚಿತ್ತದಿಂದ ವಿಚಾರಮಾಡತಕ್ಕದ್ದಾಗಿದೆ.

1957ರ ಕೃತಿಸ್ವಾಮ್ಯ ಶಾಸನಕ್ಕೆ 2012ರಲ್ಲಿ ಸೇರಿಸಲಾದ 65ಎ ಪ್ರಕರಣವು ಈ ಬಾಬಿನಲ್ಲಿ ವಿವೇಕವನ್ನೇ ತೋರಿದೆ. ಕೃತಿಯ ರಕ್ಷಣೆಗಾಗಿ ಹಾಕಿದ ತಾಂತ್ರಿಕ ಬೀಗವನ್ನು, ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದಲೇ ತಪ್ಪಿಸಿದವನಿಗೆ ಎರಡು ವರ್ಷಗಳವರೆಗೆ ಸೆರೆಮನೆವಾಸವೂ ಜುಲ್ಮಾನೆಯೂ ಉಂಟು. ಉದ್ದೇಶವೇ ಇಲ್ಲಿ ಪ್ರಧಾನವಾದುದು. ಶಾಸನವು ಸ್ಪಷ್ಟವಾಗಿ ನಿಷೇಧಿಸದ ಕಾರ್ಯಕ್ಕಾಗಿ ಬೀಗ ತೆಗೆದರೆ ಅದೇ ಪ್ರಕರಣವು ಅಡ್ಡಿಮಾಡುವುದಿಲ್ಲ. ಅಂಧರು ಕೇಳಿ ತಿಳಿಯಲೆಂದು ಪುಸ್ತಕದ ಬೀಗ ತೆಗೆಯುವವನನ್ನೂ ಚಂದಾ ತಪ್ಪಿಸುವುದಕ್ಕಾಗಿ ತೆಗೆಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಬಾಡಿಗೆಗೆ ಪಡೆದ ಪೆಟ್ಟಿಗೆಯ ಮಾತು ಬೇರೆ. ಅದು ಪರರ ಸ್ವತ್ತು.

ಪರರ ಶ್ರಮವನ್ನು ಕದ್ದು ಮಾರುವವರ ಪಕ್ಷವನ್ನು ನಾವು ವಹಿಸುತ್ತಿಲ್ಲ. ಕನ್ನಡ ಚಿತ್ರಗಳ ಮಾರುಕಟ್ಟೆ ಕಿರಿದು. ಅದರ ಆದಾಯ ಸೋರಿದರೆ ನಟರಿಗಿಂತ ಮೊದಲು ಕೂಲಿಯ ಕೆಲಸಗಾರರೇ ಸೊರಗುತ್ತಾರೆ. ಆದರೆ ಇಂತಹವರನ್ನು ದಂಡಿಸಲು ಶಾಸನದ ಬಲವೇನು ಕಡಮೆಯೇ? ತಿಳಿದೂ ತಿಳಿದೂ ಕೃತಿಸ್ವಾಮ್ಯವನ್ನು ಉಲ್ಲಂಘಿಸುವವರಿಗೂ ಅದಕ್ಕೆ ಕುಮ್ಮಕ್ಕು ಕೊಡುವವರಿಗೂ 63ನೆಯ ಪ್ರಕರಣವು ಆರು ತಿಂಗಳಿಂದ ಮೂರು ವರ್ಷಗಳವರೆಗಿನ ಸೆರೆಯನ್ನೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆಯನ್ನೂ ವಿಧಿಸಿದೆ. ಈ ಅಪರಾಧದಲ್ಲಿ ಪೊಲೀಸರು ವಾರಂಟಿಲ್ಲದೆಯೇ ದಸ್ತಗಿರಿ ಮಾಡಬಹುದಾದುದು ಸರ್ವೋಚ್ಚ ನ್ಯಾಯಾಲಯದ 2022ರ ತೀರ್ಪಿನಿಂದ ಸ್ಪಷ್ಟವಾಗಿದೆ.

ಇಷ್ಟಿದ್ದೂ ನಮ್ಮ ರಾಜ್ಯವು 1985ರ ಗೂಂಡಾ ಕಾಯಿದೆಯನ್ನು 2014ರಲ್ಲಿ ತಿದ್ದಿ, ವ್ಯಾಪಾರಕ್ಕಾಗಿ ಕೃತಿಸ್ವಾಮ್ಯವನ್ನು ಉಲ್ಲಂಘಿಸುವವರನ್ನು ‘ಡಿಜಿಟಲ್ ಅಪರಾಧಿ’ಗಳೆಂದು ಅದರಲ್ಲಿ ಸೇರಿಸಿತು. ಸಾರ್ವಜನಿಕ ಶಾಂತಿಯ ಹೆಸರಿನಲ್ಲಿ ಅಂತಹವರನ್ನು ಹನ್ನೆರಡು ತಿಂಗಳವರೆಗೆ ಬಂಧನದಲ್ಲಿಡಬಹುದು. ಸಲಹಾ ಮಂಡಲಿಯ ಪರಿಶೀಲನೆಯುಂಟು; ಆದರೆ ನ್ಯಾಯಾಲಯದಲ್ಲಿ ಅಪರಾಧವನ್ನು ರುಜುವಾತುಪಡಿಸಬೇಕಾದ ಹೊಣೆ ಸರ್ಕಾರಕ್ಕಿಲ್ಲ. ಸಂವಿಧಾನದ 22ನೆಯ ಅನುಚ್ಛೇದವು ಮುಂಜಾಗ್ರತೆಯ ಬಂಧನಕ್ಕೆ ಅವಕಾಶವಿತ್ತಿರುವುದು ದಿಟ, ಅವಕಾಶವಿದ್ದುದೆಲ್ಲವೂ ಉಚಿತವಾಗುವುದಿಲ್ಲ. 1919ರ ರೌಲಟ್ ಶಾಸನವನ್ನು ದೇಶವೆಲ್ಲ ಪ್ರತಿಭಟಿಸಿದ್ದು ವಿಚಾರಣೆಯಿಲ್ಲದ ಬಂಧನವನ್ನು ಸಹಿಸಲಾರದೆ. ಅಂತಹ ಅಧಿಕಾರವನ್ನು ಪೆಟ್ಟಿಗೆ ತಿದ್ದುವ ಅಂಗಡಿಯವನ ಮೇಲೆ ಎತ್ತುವುದು ಸ್ವತಂತ್ರ ರಾಜ್ಯಕ್ಕೆ ಭೂಷಣವಲ್ಲ.

ಆದಕಾರಣ ಶಾಸನಸಭೆಯ ಸದಸ್ಯರು ಕೃತಿಸ್ವಾಮ್ಯದ ಮಾತನ್ನು ಗೂಂಡಾ ಕಾಯಿದೆಯಿಂದ ತೆಗೆಯಿಸತಕ್ಕದ್ದು. ಯಾವುದು ರಿಪೇರಿ, ಯಾವುದು ಕಳವು ಎಂಬುದನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ ಹೋಬಳಿಯ ನಾಡಕಚೇರಿಗಳಲ್ಲಿ ಅಂಟಿಸುವುದು ಸರ್ಕಾರದ ಕರ್ತವ್ಯ. ಅದನ್ನು ಓದಿದ ಮೇಲೂ ತಪ್ಪು ಮಾಡಿದವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಲಿ. ಅಲ್ಲಿ ಅವನ ಮಾತನ್ನೂ ಕೇಳಿ ಶಿಕ್ಷೆ ವಿಧಿಸಿದರೆ ಯಾರ ಆಕ್ಷೇಪಣೆಯೂ ಇರಲಾರದು.