ಹೆರಿಗೆಯೊಂದಿಗೆ ಮುಗಿಯದ ಬಿ.ಪಿ.



ಈಚೆಗೆ ಸಂಘದ ಸಭೆಯೊಂದರಲ್ಲಿ ಸಾಲದ ಲೆಕ್ಕವೆಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದೆ: "ಬಸುರಿಯಾಗಿದ್ದಾಗ ನಿಮ್ಮಲ್ಲಿ ಯಾರಿಗೆ ಬಿ.ಪಿ. ಏರಿತ್ತು?" ಹದಿನೆಂಟು ಜನರಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಟೀ ಕುಡಿದು ಹೊರಡುವಾಗ ಮೂವರು ಒಬ್ಬೊಬ್ಬರಾಗಿ ಬಳಿ ಬಂದು, ದನಿ ತಗ್ಗಿಸಿ, "ನನಗಿತ್ತು ಮೇಡಂ" ಅಂದರು. ಒಬ್ಬಾಕೆಗೆ ಹೆರಿಗೆಯ ದಿನ ಫಿಟ್ಸ್ ಕೂಡ ಬಂದಿತ್ತಂತೆ. ಮಗನಿಗೆ ಈಗ ಹನ್ನೊಂದು ವರ್ಷ. ಆಮೇಲೆ ಒಮ್ಮೆಯೂ ಬಿ.ಪಿ. ನೋಡಿಸಿಲ್ಲ. "ಹೆರಿಗೆ ಆದ ಮೇಲೆ ಹೋಯ್ತಲ್ಲ ಮೇಡಂ, ಇನ್ಯಾಕೆ?"

ಹೋಯ್ತು ಎಂಬುದು ಅರ್ಧ ನಿಜ. ಬಸುರಿನ ಇಪ್ಪತ್ತು ವಾರ ಕಳೆದ ಮೇಲೆ ಬಿ.ಪಿ. 140/90 ಮುಟ್ಟಿ ಅಥವಾ ದಾಟಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ, ಇಲ್ಲವೇ ಮೂತ್ರಪಿಂಡ, ಯಕೃತ್ತುಗಳಿಗೆ ತೊಂದರೆ ತಟ್ಟಿದರೆ ವೈದ್ಯರು ಅದನ್ನು ಪ್ರೀಎಕ್ಲಾಂಪ್ಸಿಯಾ ಎನ್ನುತ್ತಾರೆ. ಗರ್ಭಿಣಿ ನಂಜು ಎಂಬ ಮಾತನ್ನು ನೀವು ಕೇಳಿರಬಹುದು, ಅದೇ ಇದು. ಮಾಸಿಗೆ ರಕ್ತ ಒಯ್ಯುವ ನಾಳಗಳು ಸರಿಯಾಗಿ ಬೆಳೆಯದೆ ಹೋದಾಗ, ಮಾಸಿನಿಂದ ಕೆಲವು ವಸ್ತುಗಳು ತಾಯಿಯ ರಕ್ತಕ್ಕೆ ಸೇರಿ ಅವಳ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಮಾಸು ಹೊರಬಿದ್ದ ಮೇಲೆ ಕೆಲವು ವಾರಗಳಲ್ಲಿ ಬಿ.ಪಿ. ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ರಕ್ತನಾಳಗಳ ಮೇಲಾದ ಪೆಟ್ಟಿನ ಗುರುತು ಎಲ್ಲರಲ್ಲೂ ಅಳಿಸಿಹೋಗುವುದಿಲ್ಲ.

2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿಯೊಂದನ್ನು ಪ್ರಕಟಿಸಿತು. ಈ ನಂಜು ಬಂದವರಿಗೆ ಮುಂದೆ ಬಿ.ಪಿ. ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು, ಹೃದಯದ ಕಾಯಿಲೆ ಮತ್ತು ಪಾರ್ಶ್ವವಾಯುವಿನ ಸಂಭವ ಹೆಚ್ಚುಕಡಿಮೆ ಎರಡು ಪಟ್ಟು ಎಂದು ಅದರಿಂದ ತಿಳಿದುಬಂತು. ಹೆದರಬೇಡಿ, ಚಿಕ್ಕ ವಯಸ್ಸಿನ ಹೆಂಗಸಿಗೆ ಆ ಸಂಭವ ಮೊದಲೇ ಕಡಿಮೆ, ಎರಡು ಪಟ್ಟಾದರೂ ಎಲ್ಲರಿಗೂ ಬರುವುದಿಲ್ಲ. ಯಾರು ಎಚ್ಚರವಾಗಿರಬೇಕು ಎಂಬುದು ಮಾತ್ರ ಇಪ್ಪತ್ತು ವರ್ಷ ಮೊದಲೇ ಗೊತ್ತಾಗುತ್ತದೆ. ಅಷ್ಟು ಮುಂಚೆ ಸುಳಿವು ಕೊಡುವ ಕಾಯಿಲೆಗಳು ಹೆಚ್ಚಿಲ್ಲ.

ಆದರೆ ಆ ಸುಳಿವನ್ನು ನಾವು ಬಚ್ಚಿಡುತ್ತೇವೆ. ಚೊಚ್ಚಲ ಹೆರಿಗೆ ತವರಿನದು. ಬಿ.ಪಿ. ಏರಿದ್ದನ್ನು ಕಂಡವಳು, ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಮಗ್ಗುಲಲ್ಲಿ ಕುಳಿತವಳು ಹೆತ್ತ ತಾಯಿ. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಮಗಳಿಗೆ ಅವಳೇ ಹೇಳುತ್ತಾಳೆ: "ಅಲ್ಲಿ ಏನೂ ಹೇಳಬೇಡ." ಹೇಳಿದರೆ "ರೋಗದ ಹುಡುಗೀನ ಕಟ್ಟಿದಿರಿ" ಎಂಬ ಮಾತು ಏಳುತ್ತದೆ, ಬಾಕಿ ಉಳಿದ ವರದಕ್ಷಿಣೆಯ ನೆನಪಾಗುತ್ತದೆ. ತೊಟ್ಟಿಲು, ಮಗುವಿನ ಬೆಳ್ಳಿ ಉಡಿದಾರ, ಬೀಗರಿಗೆ ಬಟ್ಟೆ ಎಂದು ಮೊದಲೇ ಉದ್ದವಾದ ಪಟ್ಟಿ ಇನ್ನಷ್ಟು ಬೆಳೆಯುತ್ತದೆ. ಹೀಗೆ ತಿಳಿದವರು ಒಂದು ಮನೆಯಲ್ಲಿ, ಆ ದೇಹ ಹಗಲಿರುಳು ದುಡಿಯುವುದು ಇನ್ನೊಂದು ಮನೆಯಲ್ಲಿ. ನನಗೂ 1986ರಲ್ಲಿ ಅಮ್ಮ ಇದನ್ನೇ ಹೇಳಿದ್ದರು. ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನೂ ಬಾಯಿ ಬಿಡಲಿಲ್ಲ. ಇಪ್ಪತ್ತಮೂರು ವರ್ಷದ ಮೇಲೆ ಕಾಲೇಜಿನ ಆರೋಗ್ಯ ಶಿಬಿರದಲ್ಲಿ ನನ್ನ ಬಿ.ಪಿ. 180/110 ಎಂದು ಗೊತ್ತಾದಾಗ, ಆ ವೈದ್ಯೆ ಕೇಳಿದ ಮೊದಲ ಪ್ರಶ್ನೆಯೇ ನನ್ನ ಬಸಿರಿನ ಬಗ್ಗೆ. ಅಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನಂತೂ ಹೇಳಿರಲಿಲ್ಲ.

ವ್ಯವಸ್ಥೆಯಲ್ಲೂ ಒಂದು ದೊಡ್ಡ ಕಂದಕವಿದೆ. ಹೆರಿಗೆಯಾದ ನಲವತ್ತೆರಡು ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸುತ್ತಾಳೆ. ಆಮೇಲೆ ಸರಕಾರ ಬಿ.ಪಿ., ಸಕ್ಕರೆ ಕಾಯಿಲೆಗಳ ತಪಾಸಣೆಗೆ ನಮ್ಮನ್ನು ಕರೆಯುವುದು ಮೂವತ್ತು ತುಂಬಿದ ಮೇಲೆ. ಇಪ್ಪತ್ತಕ್ಕೆ ಹೆತ್ತವಳನ್ನು ನಡುವಿನ ಹತ್ತು ವರ್ಷ ಕೇಳುವವರಾರು? ಮಗುವಿನ ಚುಚ್ಚುಮದ್ದಿಗೆ ತಪ್ಪದೆ ಹೋಗುತ್ತಾಳೆ. ಅದೇ ಆಸ್ಪತ್ರೆಯಲ್ಲಿ ತನ್ನ ತೋಳು ಚಾಚುವುದಿಲ್ಲ.

ಆದ್ದರಿಂದ ತೋಳು ಚಾಚಿ. ಹೆರಿಗೆಯಾದ ಮೂರರಿಂದ ಆರನೆಯ ದಿನದೊಳಗೆ ಬಿ.ಪಿ. ಮತ್ತೆ ಏರಬಹುದು, ಅಂದರೆ ಆಸ್ಪತ್ರೆಯಿಂದ ಮನೆಗೆ ಕಳಿಸುವ ಹೊತ್ತಿಗೇ. ಮೊದಲ ಹತ್ತು ದಿನದೊಳಗೆ ಮತ್ತೆ ನೋಡಿಸಲೇಬೇಕು. ಬಾಣಂತಿಗೆ ತಡೆಯಲಾರದ ತಲೆನೋವು, ಕಣ್ಣು ಮಂಜು, ಮೇಲುಹೊಟ್ಟೆಯ ನೋವು ಬಂದರೆ ದೃಷ್ಟಿ ತೆಗೆಯುತ್ತ ಕೂರದೆ ಆಸ್ಪತ್ರೆಗೆ ಓಡಿ. ಅಂಗಾತ ಮಲಗಿದರೆ ಉಸಿರು ಕಟ್ಟುವುದನ್ನು ಬಾಣಂತಿ ಸುಸ್ತು ಎಂದು ತಳ್ಳಿಹಾಕಬೇಡಿ, ಹೃದಯವೇ ಸೋತಿರಬಹುದು. ಮೂರು ತಿಂಗಳಿಗೆ ಒಮ್ಮೆ ನೋಡಿಸಿ, ಆಮೇಲೆ ಬದುಕಿರುವಷ್ಟು ಕಾಲ ವರ್ಷಕ್ಕೊಮ್ಮೆ, ಸಕ್ಕರೆಯ ಪರೀಕ್ಷೆಯ ಜೊತೆಗೆ. ತಾಯಿ ಕಾರ್ಡನ್ನು ಟ್ರಂಕಿನ ತಳಕ್ಕೆ ಹಾಕಬೇಡಿ. ಅದರ ಫೋಟೋ ಮೊಬೈಲಿನಲ್ಲಿರಲಿ. ಯಾವ ವೈದ್ಯರ ಮುಂದೆ ಕುಳಿತರೂ, ನೆಗಡಿಗೇ ಹೋಗಿರಲಿ, "ನನಗೆ ಬಸುರಿನಲ್ಲಿ ಬಿ.ಪಿ. ಇತ್ತು" ಎಂದು ಹೇಳಿ. ಮಾಲಾ-ಎನ್ ಗುಳಿಗೆ ತೆಗೆದುಕೊಳ್ಳುವ ಮೊದಲಂತೂ ಹೇಳಲೇಬೇಕು, ಅದರಲ್ಲಿರುವ ಹಾರ್ಮೋನು ಬಿ.ಪಿ. ಏರಿಸಬಲ್ಲದು, ಕಾಪರ್-ಟಿಯಲ್ಲಿ ಹಾರ್ಮೋನು ಇಲ್ಲ. ಮತ್ತೆ ಬಸುರಿಯಾದರೆ ಮೂರನೆಯ ತಿಂಗಳಿಗೇ ವೈದ್ಯರಲ್ಲಿಗೆ ಹೋಗಿ. ನಂಜು ಮರುಕಳಿಸದಂತೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ನೀವೇ ಅಂಗಡಿಯಿಂದ ತಂದು ನುಂಗಬೇಡಿ.

ಊಟದ ಮಾತು ನಿಮಗೆ ಗೊತ್ತಿದ್ದದ್ದೇ. ಇಡೀ ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚ ಉಪ್ಪು ಸಾಕು, ಉಪ್ಪಿನಕಾಯಿ ಹಪ್ಪಳದ್ದೂ ಅದರಲ್ಲೇ ಸೇರಿ. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುವವರು ಅದನ್ನು ಬಿಡಲೇಬೇಕು. (ಬಿಡುವುದು ಸುಲಭವಲ್ಲ, ನಮ್ಮ ಅತ್ತೆಯನ್ನು ಕಂಡಿದ್ದೇನೆ.) ಬಿ.ಪಿ. ಗುಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಆದರೂ ಹೋಗಲು ಬಿಡದ, ಬಸ್ಸಿನ ಖರ್ಚಿಗೂ ಕಾಸು ಕೊಡದ ಮನೆಗಳಿವೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆಯ ಪ್ರಕಾರ ಹೊಡೆತ ಬಡಿತ ಮಾತ್ರವಲ್ಲ, ಹೆಂಗಸಿನ ಆರೋಗ್ಯವನ್ನು ಅಪಾಯಕ್ಕೆ ಒಡ್ಡುವುದೂ ದೌರ್ಜನ್ಯವೇ.

ಸಂಘದ ಉಳಿತಾಯದಲ್ಲಿ ಬಿ.ಪಿ. ನೋಡುವ ಯಂತ್ರ ಒಂದನ್ನು ಕೊಳ್ಳುವುದು ಕಷ್ಟವಲ್ಲ. ತೋಳಿಗೆ ಕಟ್ಟುವಂಥದ್ದೇ ಇರಲಿ. ಯಾರದ್ದು ಎಷ್ಟು ಎಂಬುದನ್ನು ಅವರವರ ಪಾಸ್‌ಬುಕ್ಕಿನ ಹಿಂಬದಿಯಲ್ಲೇ ಬರೆಯಿರಿ, ಎಲ್ಲರೂ ನೋಡುವ ದೊಡ್ಡ ಪುಸ್ತಕದಲ್ಲಿ ಬೇಡ. ಹೇಳಿಕೊಳ್ಳುವುದು ಬಿಡುವುದು ಅವಳ ಇಷ್ಟ.

ಫಿಟ್ಸ್ ಬಂದಿದ್ದ ಆ ಗೆಳತಿ ಮುಂದಿನ ವಾರ ಆರೋಗ್ಯ ಕೇಂದ್ರಕ್ಕೆ ಹೋದರು. ಬೇರೆ ಬೇರೆ ದಿನ ನೋಡಿದಾಗಲೂ ಬಿ.ಪಿ. 150ರ ಮೇಲೆಯೇ ಇತ್ತು, ಗುಳಿಗೆ ಶುರುವಾಗಿದೆ. "ಅತ್ತೆಗೆ ಹೇಳಿದಿರಾ?" ಎಂದು ಕೇಳಿದೆ. "ಅವರೂ ಜೊತೇಲೇ ಬಂದಿದ್ರು ಮೇಡಂ. ನೋಡಿದ್ರೆ ಅವರಿಗೆ ನನಗಿಂತ ಜಾಸ್ತಿ."