ಐಡಿ ಕಾರ್ಡ್ ಕೊಟ್ಟರಷ್ಟೇ ಸಾಲದು
ಇಂಟರ್ನ್‌ಶಿಪ್‌ನ ಕೊನೆಯ ದಿನ ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿ, ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಬಂದೆ. ವಾರದ ಬಳಿಕ ಅದೇ ಲ್ಯಾಪ್‌ಟಾಪ್ ಪಡೆದ ಹುಡುಗಿ ಫೋನ್ ಮಾಡಿದಳು: ‘ಅಕ್ಕಾ, ನಿಮ್ಮ ವಾಟ್ಸ್‌ಆ್ಯಪ್ ಇಲ್ಲಿ ಓಪನ್ ಆಗೇ ಇದೆ.’ ಎದೆ ಧಸಕ್ಕೆಂದಿತು. ಆಫೀಸಿನ ಗ್ರೂಪಿನ ಜೊತೆಗೆ ಅಪ್ಪ ಕಳಿಸಿದ್ದ ಪಾಸ್‌ಬುಕ್ ಫೋಟೊ ಕೂಡ ಅದರಲ್ಲೇ ಇತ್ತು. ತಕ್ಷಣ ಫೋನಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ಆ ಲ್ಯಾಪ್‌ಟಾಪನ್ನು ಲಾಗ್‌ಔಟ್ ಮಾಡಿದೆ.

ಬ್ರೌಸರ್ ಮುಚ್ಚಿದರೆ ಲಾಗ್‌ಔಟ್ ಆದಂತಲ್ಲ. ಫೋನನ್ನು 14 ದಿನಕ್ಕೂ ಹೆಚ್ಚು ಬಳಸದಿದ್ದರೆ ಆ ಸಂಪರ್ಕ ತಾನಾಗಿ ಕಡಿಯುತ್ತದೆ; ನಾವು ಅಷ್ಟು ದಿನ ಫೋನ್ ಬಿಟ್ಟಿರುತ್ತೇವೆಯೇ? ಸ್ಲ್ಯಾಕ್‌ನಲ್ಲೂ ಬೇರೆಲ್ಲ ಕಡೆ ಒಮ್ಮೆಗೇ ಸೈನ್‌ಔಟ್ ಆಗುವ ಆಯ್ಕೆಯಿದೆ.

ಆ ಹುಡುಗಿ ಹೇಳಿದಳು, ಎಲ್ಲರೂ ಹೇಳುವುದಿಲ್ಲ. ಐಡಿ ಕಾರ್ಡ್ ಹಿಂದಿರುಗಿಸುವ ಮುನ್ನ ಲಾಗ್‌ಔಟ್ ಆಗಿ.