ಉಳಿಯುವುದು ಪೆಟ್ರೋಲು, ರಸ್ತೆಯಲ್ಲ

ಹೈಬ್ರಿಡ್ ಕಾರುಗಳಿಗೆ ತೆರಿಗೆ ವಿನಾಯಿತಿ ಕೊಡಬೇಕೆ ಎಂಬ ಚರ್ಚೆ ನಮ್ಮಲ್ಲಿ ಆಗಾಗ ತಲೆಯೆತ್ತುತ್ತದೆ. ಬಿಡದಿಯಲ್ಲಿ ತಯಾರಾದ ಅಂಥದೊಂದು ಕಾರನ್ನು ಎರಡು ವರ್ಷಗಳಿಂದ ಬೆಂಗಳೂರಿನಲ್ಲಿ ದಿನವೂ ಓಡಿಸುತ್ತಿರುವ ನನಗೆ ಈ ಪ್ರಶ್ನೆಯಲ್ಲಿ ಸ್ವಹಿತಾಸಕ್ತಿಯಿದೆ. ಆದರೂ ನನ್ನ ಉತ್ತರ 'ಬೇಡ' ಎಂದೇ. ಅದಕ್ಕೆ ಕಾರಣ ಕಾರಿನ ದೋಷವಲ್ಲ, ಅದರ ಗುಣ.

ಈ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟರೂ ಸಣ್ಣ ಬ್ಯಾಟರಿಯೂ ಇರುತ್ತವೆ. ಬ್ರೇಕ್ ಹಾಕಿದಾಗ ಸಾಮಾನ್ಯ ಕಾರಿನಲ್ಲಿ ಶಾಖವಾಗಿ ವ್ಯರ್ಥವಾಗುವ ಶಕ್ತಿಯ ಒಂದಂಶವನ್ನು ಮೋಟರು ಜನರೇಟರಿನಂತೆ ಕೆಲಸ ಮಾಡಿ ಬ್ಯಾಟರಿಗೆ ತುಂಬುತ್ತದೆ. ಸಿಗ್ನಲ್‌ಗಳಲ್ಲಿ ಎಂಜಿನ್ ತಾನಾಗಿಯೇ ನಿಲ್ಲುತ್ತದೆ. ವಾಹನಗಳ ಸಾಲು ಆಮೆಯ ವೇಗದಲ್ಲಿ ಸರಿಯುವಾಗ ಕಾರು ಸದ್ದಿಲ್ಲದೆ ವಿದ್ಯುತ್ತಿನಲ್ಲೇ ಚಲಿಸುತ್ತದೆ. ಇದನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡುವಂತಿಲ್ಲ. ನೆರೆಹೊರೆಯವರು ಇದನ್ನು 'ಅರ್ಧ ಕರೆಂಟಿನ ಕಾರು' ಎನ್ನುತ್ತಾರೆ. ವಾಸ್ತವವಾಗಿ ಆ ಕರೆಂಟೂ ಮೂಲತಃ ಪೆಟ್ರೋಲ್ ಬಂಕಿನಿಂದಲೇ ಬಂದದ್ದು.

ನಗರದ ದಟ್ಟಣೆಯಲ್ಲಿ ನನ್ನ ಕಾರು ಲೀಟರಿಗೆ 22 ಕಿ.ಮೀ. ಕೊಡುತ್ತದೆ. ನನ್ನ ಹಿಂದಿನ ಪೆಟ್ರೋಲ್ ಕಾರು ಅದೇ ರಸ್ತೆಗಳಲ್ಲಿ 11ನ್ನು ದಾಟುತ್ತಿರಲಿಲ್ಲ. ಮೈಸೂರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಬ್ರೇಕಿನ ಕೆಲಸ ಕಡಿಮೆ. ಬಹುಪಾಲು ಎಂಜಿನ್ನೇ ದುಡಿಯುತ್ತದೆ. ಅಲ್ಲಿ ಉಳಿತಾಯ ಇಷ್ಟಿಲ್ಲ. ಅಂದರೆ ಸಂಚಾರ ಕಟ್ಟಿಕೊಂಡಷ್ಟೂ ಸಾಮಾನ್ಯ ಕಾರಿನ ಮುಂದೆ ಇದರ ಮೇಲುಗೈ ಹೆಚ್ಚು.

ಇಲ್ಲಿ ಅರ್ಥಶಾಸ್ತ್ರದ ಹಳೆಯ ಪಾಠವೊಂದು ನೆನಪಾಗುತ್ತದೆ. ಯಂತ್ರಗಳ ದಕ್ಷತೆ ಹೆಚ್ಚಿದಂತೆ ಕಲ್ಲಿದ್ದಲಿನ ಬಳಕೆ ತಗ್ಗುವುದಿಲ್ಲ, ಏರುತ್ತದೆ ಎಂದು 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ವಾದಿಸಿದ್ದರು. ಕಿಲೋಮೀಟರಿನ ಖರ್ಚು ಅರ್ಧಕ್ಕಿಳಿದಾಗ 'ಬಸ್ಸೇಕೆ, ಕಾರಿನಲ್ಲೇ ಹೋಗೋಣ' ಎಂಬ ಮಾತು ನಮ್ಮ ಮನೆಯಲ್ಲೂ ಸಲೀಸಾಗಿ ಕೇಳಿಬರುತ್ತದೆ.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ಸಿಲುಕಿದರೂ ನನ್ನ ಜೇಬಿಗೆ ದೊಡ್ಡ ಹೊರೆಯಿಲ್ಲ. ಆದರೆ ನನ್ನ ಕಾರು ಆಕ್ರಮಿಸುವ ಜಾಗ ಅದೇ ಅಳತೆಯ ಪೆಟ್ರೋಲ್ ಕಾರಿನಷ್ಟೇ. ನನ್ನಂಥವರ ಹಿಂದೆ ಸಿಲುಕಿದ ಬಿಎಂಟಿಸಿ ಬಸ್ಸಿನಲ್ಲಿ ನಿಂತೇ ಪ್ರಯಾಣಿಸುವವರ ಕಾಲಹರಣ ನನ್ನ ಲೆಕ್ಕಪುಸ್ತಕದಲ್ಲಿ ದಾಖಲಾಗುವುದಿಲ್ಲ. ಆಡಳಿತದ ಕಿವಿಗೆ ಬೇಗ ತಲುಪುವುದು ಕಾರುಳ್ಳವರ ದೂರು ಎಂಬುದನ್ನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ದಟ್ಟಣೆಯು ನಮಗೆ ಸಹನೀಯವಾದರೆ ಆ ದೂರೂ ಮೆತ್ತಗಾಗುತ್ತದೆ. ಉಳಿದವರ ದೂರನ್ನು ಕೇಳುವವರು ಯಾರು?

ಈ ಇಕ್ಕಟ್ಟನ್ನು ಬೇರೆ ನಗರಗಳೂ ಎದುರಿಸಿವೆ. 2003ರಲ್ಲಿ ದಟ್ಟಣೆ ಶುಲ್ಕ ಜಾರಿಗೆ ತಂದ ಲಂಡನ್, ಮೊದಲಿಗೆ ಹೈಬ್ರಿಡ್ ಕಾರುಗಳಿಗೆ ವಿನಾಯಿತಿ ನೀಡಿತ್ತು. 2013ರಲ್ಲಿ ಹೊಗೆಯ ಮಿತಿಯನ್ನು ಬಿಗಿಗೊಳಿಸಿ, ಸಾಮಾನ್ಯ ಹೈಬ್ರಿಡ್‌ಗಳು ಹೊಸದಾಗಿ ಆ ಸೌಲಭ್ಯ ಪಡೆಯದಂತೆ ಮಾಡಿತು.

ನಮ್ಮ ನೀತಿಯಾದರೋ ತೂಗುಯ್ಯಾಲೆಯಂತಿದೆ. 2015ರಲ್ಲಿ ಕೇಂದ್ರದ ಫೇಮ್ ಯೋಜನೆಯು ಹೆಸರಿಗಷ್ಟೇ ಹೈಬ್ರಿಡ್ ಎನಿಸಿದ ಕಾರುಗಳಿಗೂ ಸಹಾಯಧನ ನೀಡಿತು. 2017ರ ಏಪ್ರಿಲ್‌ನಲ್ಲಿ ಅದು ನಿಂತಿತು. ಅದೇ ಜುಲೈನಲ್ಲಿ ಜಿಎಸ್‌ಟಿ ಬಂದಾಗ ದೊಡ್ಡ ಹೈಬ್ರಿಡ್‌ಗಳ ಮೇಲೆ ಸೆಸ್ ಸೇರಿ ಶೇ 43ರಷ್ಟು ತೆರಿಗೆ ಬಿತ್ತು. 2024ರಲ್ಲಿ ಉತ್ತರ ಪ್ರದೇಶ ಸರ್ಕಾರ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರ ಪರಿಷ್ಕರಣೆಯಾಗಿ, ಸಣ್ಣವಕ್ಕೆ ಶೇ 18, ದೊಡ್ಡವಕ್ಕೆ ಶೇ 40 ಎಂದಾಯಿತು. ಇಲ್ಲೆಲ್ಲ ತೆರಿಗೆ ಬಿದ್ದಿರುವುದು ತಂತ್ರಜ್ಞಾನದ ಹೆಸರಿನ ಮೇಲೆ, ಕಾರಿನ ಅಳತೆಯ ಮೇಲೆ. ಅದು ಸುಡುವ ಇಂಧನದ ಮೇಲಲ್ಲ.

ಪ್ರಮಾಣೀಕೃತ ಇಂಧನ ಬಳಕೆಯೇ ವಾಹನ ತೆರಿಗೆಯ ಆಧಾರವಾಗಬೇಕು. ಆಗ ಕಡಿಮೆ ಪೆಟ್ರೋಲ್ ಸುಡುವ ಹೈಬ್ರಿಡ್‌ಗೆ ಸಲ್ಲಬೇಕಾದ ಲಾಭ ತಾನಾಗಿಯೇ ಸಲ್ಲುತ್ತದೆ. ಅದಕ್ಕಿಂತ ಹೆಚ್ಚಿನ ಮನ್ನಾ ಅನಗತ್ಯ. ಹದಿನೈದಿಪ್ಪತ್ತು ಲಕ್ಷ ರೂಪಾಯಿ ಕೊಟ್ಟು ಕಾರು ಕೊಳ್ಳಬಲ್ಲವರಿಗೆ ಬೊಕ್ಕಸದ ನೆರವು ಬೇಕಿಲ್ಲ.

ಆ ಹಣ ಸಲ್ಲಬೇಕಾದದ್ದು ಬಸ್ಸುಗಳಿಗೆ ಮತ್ತು ಅವು ಅಡೆತಡೆಯಿಲ್ಲದೆ ಸಾಗುವ ಪಥಗಳಿಗೆ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಮೀಸಲಾದ ಪಥ ಆರಂಭವಾಗಿತ್ತು; ಮೆಟ್ರೊ ಕಾಮಗಾರಿ ಬಂದಾಗ ಕಣ್ಮರೆಯಾಯಿತು. ಅಂಥ ಪಥಗಳು ನಗರದ ಮುಖ್ಯ ರಸ್ತೆಗಳಲ್ಲೆಲ್ಲ ಬಂದರೆ ನನ್ನ ಕಾರಿಗೆ ಉಳಿಯುವ ಜಾಗ ಇನ್ನಷ್ಟು ಕಿರಿದಾಗುತ್ತದೆ, ನಿಜ. ಹಾಗಾಗುವುದೇ ನ್ಯಾಯ.